ಮಡಚೋ ಚಾಕು ದೊಡ್ಡದಾದಷ್ಟೂ ಗಟ್ಟಿನಾ?

ಪ್ರಶ್ನೆ: ನಾನು, ನನ್ನ ತಮ್ಮ ಇಬ್ರೂ ರಜೆ ಸಿಕ್ಕಾಗೆಲ್ಲ ಬೆಟ್ಟ ಹತ್ತಿ ಅಲ್ಲೇ ಟೆಂಟ್ ಹಾಕಿ ಉಳ್ಕೊಳ್ತೀವಿ. ನನ್ನ ಕೈ ದೊಡ್ಡದು, ಸಣ್ಣ ಪಾಕೆಟ್ ಚಾಕು ಹಿಡಿದ್ರೆ ಕಿರುಬೆರಳು ಹೊರಗೇ ಉಳಿಯತ್ತೆ. ಹೋದ ಸಲ ಒಂದು ದೊಡ್ಡ ಮಡಚೋ ಚಾಕು ತಗೊಂಡಿದ್ದೆ, ಅಲಗಿನ ಬೆನ್ನಿಗೆ ಕೋಲಿಂದ ಹೊಡೆದು ಸೌದೆ ಸೀಳ್ತಿದ್ದಾಗ ಲಾಕು ಸಡಿಲ ಆಗೋಯ್ತು, ಈಗ ತೆಗೆದ್ರೆ ಅಲ್ಲಾಡತ್ತೆ. ಇನ್ನೂ ದೊಡ್ಡದು, ಇನ್ನೂ ದಪ್ಪ ಅಲಗಿಂದು ತಗೊಂಡ್ರೆ ಸರಿ ಹೋಗತ್ತಾ? ಯಾವ ಸ್ಟೀಲ್ ನೋಡ್ಬೇಕು?

ಉತ್ತರ: ಮೊದಲು ಆ ಹಳೇ ಚಾಕು ಕೈಗೆ ತಗೊಂಡು ಒಂದ್ಸಲ ನೋಡಿ. ಅಲಗು ಎಡ-ಬಲ ಅಲ್ಲಾಡ್ತಿದ್ರೆ ಕೀಲಿನ ಸ್ಕ್ರೂ ಸಡಿಲ ಆಗಿರಬಹುದು, ಸ್ವಲ್ಪ ಬಿಗಿ ಮಾಡಿದ್ರೆ ಸರಿ ಹೋಗತ್ತೆ. ಮೇಲೆ-ಕೆಳಗೆ ಅಲ್ಲಾಡ್ತಿದ್ರೆ ಮಾತ್ರ ಲಾಕಿನ ಮುಖ ಸವೆದಿದೆ ಇಲ್ಲಾ ಬಾಗಿದೆ ಅಂತ ಅರ್ಥ, ಆಗ ದಯವಿಟ್ಟು ಅದನ್ನ ಬಳಸಬೇಡಿ, ಕಾಡಲ್ಲಿ ಬೆರಳು ಕತ್ತರಿಸ್ಕೊಂಡ್ರೆ ಕೆಳಗಿಳಿಯೋಕೇ ಅರ್ಧ ದಿನ ಹೋಗತ್ತೆ.

ಇನ್ನೂ ದೊಡ್ಡದು ತಗೊಂಡ್ರೆ ಸರಿ ಹೋಗಲ್ಲ, ಯಾಕೆ ಅಂದ್ರೆ ನೀವು ಚಾಕುನ ಹಿಡಿದು ಏನನ್ನಾದ್ರೂ ಕತ್ತರಿಸೋವಾಗ ಅಲಗು ತೆರೆಯೋ ದಿಕ್ಕಿಗೇ ತಳ್ಳಿಸ್ಕೊಳ್ಳತ್ತೆ, ಆ ಬಲನ ಒಳಗಿರೋ ಸ್ಟಾಪ್ ಪಿನ್ ತಡ್ಕೊಳ್ಳತ್ತೆ, ಲಾಕಿಗೆ ಹೆಚ್ಚು ಕೆಲಸನೇ ಇರಲ್ಲ. ಆದ್ರೆ ಸೌದೆಲಿ ಅಲಗು ಸಿಕ್ಕಿರೋವಾಗ ಬೆನ್ನಿನ ತುದಿಗೆ ಹೊಡೆದ್ರೆ ಅಲಗು ಮಡಚ್ಕೊಳ್ಳೋಕೆ ಹೋಗತ್ತೆ, ಆಗ ಅಷ್ಟೂ ಪೆಟ್ಟು ಲಾಕಿಗೆ. ಅದೂ ಹೇಗೆ ಅಂದ್ರೆ ಕೀಲಿಂದ ತುದಿ 10 ಸೆಂಟಿಮೀಟರ್ ದೂರ ಇದ್ದು ಲಾಕು ತಾಗೋ ಜಾಗ ಕೀಲಿಂದ 1 ಸೆಂಟಿಮೀಟರ್ ಇದ್ರೆ, ತುದಿಲಿ 5 ಕೆಜಿ ಬಲ ಬಿದ್ರೆ ಲಾಕಿನ ಮೇಲೆ 50 ಕೆಜಿ ಬೀಳತ್ತೆ, ಸನ್ನೆಕೋಲಿನ ಲೆಕ್ಕನೇ ಇದು. ಅಲಗು ಇನ್ನೂ ಉದ್ದ ಮಾಡಿದ್ರೆ ಲಾಕಿನ ಕಷ್ಟ ಇನ್ನೂ ಜಾಸ್ತಿ ಆಗತ್ತೆ. ಅದಕ್ಕೇ ನಾನು ಕೇಳಿದೋರಿಗೆಲ್ಲ ಹೇಳೋದು ಒಂದೇ, ಸೌದೆ ಸೀಳೋದಿದ್ರೆ ಸಣ್ಣ ಕೊಡಲಿನೋ ಮಡಚದೇ ಇರೋ ಫಿಕ್ಸೆಡ್ ಚಾಕುನೋ ಜೊತೆಗೆ ಇಟ್ಕೊಳ್ಳಿ, ಮಡಚೋದು ಹಗ್ಗ, ಬಟ್ಟೆ, ತೆಳ್ಳಗಿನ ಕೊಂಬೆ, ಟೆಂಟ್ ಗೂಟ ಕೆತ್ತೋದು, ಅಡುಗೆ ಕೆಲಸ ಇಂಥದ್ದಕ್ಕೆ. ಇದು ಅದರ ಅವಮಾನ ಅಲ್ಲ, ದಿನಕ್ಕೆ ಹತ್ತು ಸಲ ಕೈಗೆ ಬರೋ ಚಾಕು ಅದೇ.

ಇನ್ನು ಲಾಕು, ನಾನು ಚಾಕು ನೋಡೋವಾಗ ಮೊದಲು ನೋಡೋದೇ ಇದನ್ನ. ಲೈನರ್ ಲಾಕಲ್ಲಿ ಹಿಡಿಯ ಒಳಗಿರೋ ತೆಳ್ಳಗಿನ ಪಟ್ಟಿ ಸ್ಪ್ರಿಂಗ್ ಥರ ಬಂದು ಅಲಗಿನ ಬುಡಕ್ಕೆ ಒತ್ಕೊಳ್ಳತ್ತೆ, ಹಗುರ, ಒಂದೇ ಕೈಲಿ ಮುಚ್ಚಬಹುದು, ಆದ್ರೆ ಮುಚ್ಚೋವಾಗ ಹೆಬ್ಬೆರಳು ಅಲಗು ಬರೋ ದಾರಿಲೇ ಇರತ್ತೆ, ಪಟ್ಟಿ ತೆಳುವಾಗಿದ್ದು ಮಣ್ಣು ಸೇರಿದ್ರೆ ಪೂರ್ತಿ ಒಳಗೆ ಬರಲ್ಲ. ಫ್ರೇಮ್ ಲಾಕಲ್ಲಿ ಹಿಡಿಯ ಒಂದು ಪಕ್ಕನೇ ಲಾಕು, ಮುಷ್ಟಿ ಬಿಗಿ ಹಿಡಿದಷ್ಟೂ ಅದು ಒಳಕ್ಕೆ ಒತ್ಕೊಳ್ಳತ್ತೆ, ಅದು ನಂಗೆ ಇಷ್ಟ. ಬ್ಯಾಕ್ ಲಾಕಲ್ಲಿ ಹಿಡಿಯ ಬೆನ್ನಿನ ಕಡೆ ಇರೋ ಸರಳು ಅಲಗಿನ ಬುಡದ ಕಚ್ಚಿಗೆ ಕೂರತ್ತೆ, ಬಕ್ 110 ಅನ್ನೋ ಹೆಸರಾದ ಚಾಕು 1960ರ ದಶಕದಿಂದ ಇದೇ ಥರ ಬರ್ತಿದೆ, ಎಡಗೈಯೋರಿಗೂ ಬಲಗೈಯೋರಿಗೂ ಒಂದೇ, ಬೆರಳು ಅಲಗಿನ ದಾರಿಗೆ ಬರಲ್ಲ, ಹೊಸದ್ರಲ್ಲೂ ಕೂದಲೆಳೆಯಷ್ಟು ಮೇಲೆ-ಕೆಳಗೆ ಅಲ್ಲಾಟ ಇರಬಹುದು, ಅದಕ್ಕೆ ಹೆದರಬೇಡಿ. ಕೋಲ್ಡ್ ಸ್ಟೀಲ್ ಅನ್ನೋ ಚಾಕು ಕಂಪನಿಯೋರ ಟ್ರೈ-ಆಡ್ ಲಾಕು ಇದೇ ಬ್ಯಾಕ್ ಲಾಕಿಗೆ ನಡುವೆ ಒಂದು ಸ್ಟಾಪ್ ಪಿನ್ ಸೇರಿಸಿ ಮಾಡಿದ್ದು, ಸವೆತನೂ ಪೆಟ್ಟೂ ಆ ಪಿನ್ ತಗೊಳ್ಳತ್ತೆ. ನಿಮ್ಮ ಬಳಕೆ ನೋಡಿದ್ರೆ ನಾನು ಇಂಥದ್ದನ್ನೇ ಮೊದಲು ಹೇಳೋದು, ತೆಗೆಯೋಕೆ ಮುಚ್ಚೋಕೆ ಸ್ವಲ್ಪ ಬಿರುಸು ಇರತ್ತೆ, ಅಭ್ಯಾಸ ಆಗತ್ತೆ. ಲಾಕು ಅಂದ್ರೆ ಫ್ರಾನ್ಸಿನ ಒಪಿನೆಲ್ ಚಾಕುಗಳ ಬಳೆ ನೆನಪಾಗತ್ತೆ, 1955ರಲ್ಲಿ ಬಂದಿದ್ದು, ಅಲಗು ತೆಗೆದು ಬಳೆ ತಿರುಗಿಸಿದ್ರೆ ಮುಗೀತು, ಅಷ್ಟು ಸರಳ. ಮಳೇಲಿ ಮರದ ಹಿಡಿ ಉಬ್ಬಿ ಅಲಗು ಹೊರಗೆ ಬರಲ್ಲ ಅನ್ನೋದೊಂದೇ ತೊಂದರೆ.

ಹೊಸದು ತಗೊಳ್ಳೋವಾಗ ನಿಧಾನಕ್ಕೆ ಪೂರ್ತಿ ತೆಗೀರಿ, ಲಾಕು ಕಟಕ್ ಅಂತ ಕೂತಿದ್ಯಾ ನೋಡಿ, ಬೆರಳುಗಳೆಲ್ಲ ಅಲಗಿನ ದಾರಿಯಿಂದ ಆಚೆ ಇಟ್ಕೊಂಡು ಬೆನ್ನಿನ ಕಡೆಯಿಂದ ಅಂಗೈಲಿ ಗಟ್ಟಿ ಒತ್ತಿ. ಜಾರಿದ್ರೆ ಬಿಟ್ಬಿಡಿ, ಎಷ್ಟು ಚೆಂದ ಇದ್ರೂ ಸರಿ. ಮೇಜಿಗೆ ಬಡಿದು ಪರೀಕ್ಷೆ ಮಾಡೋದು ಬೇಡ, ಒಳ್ಳೇ ಲಾಕೂ ಹಾಳಾಗತ್ತೆ.

ದೊಡ್ಡ ಕೈ ಅಂದ್ರಲ್ಲ, ನಿಮಗೆ ದೊಡ್ಡದು ಬೇಕಾಗಿರೋದು ಹಿಡಿ, ಅಲಗಲ್ಲ. ನಾಲ್ಕೂ ಬೆರಳು ಆರಾಮಾಗಿ ಕೂರಬೇಕು, ಅದಕ್ಕೆ ಹಿಡಿ 12-13 ಸೆಂಟಿಮೀಟರ್ ಬೇಕು, ಅಂಥ ಹಿಡಿಗೆ 9-10 ಸೆಂಟಿಮೀಟರ್ ಅಲಗು ಸರಿಯಾಗಿ ಹೊಂದತ್ತೆ. ಅಲಗಿನ ಬೆನ್ನು 3ರಿಂದ 4 ಮಿಲಿಮೀಟರ್ ದಪ್ಪ ಸಾಕು. 5 ಮಿಲಿಮೀಟರ್‌ದು ಕೈಯಲ್ಲಿ ಹಿಡಿದ್ರೆ ಭರವಸೆ ಬರತ್ತೆ ನಿಜ, ಆದ್ರೆ ಬಾಯಿಯ ಹತ್ತಿರನೂ ದಪ್ಪ ಉಳಿದಿದ್ರೆ ತರಕಾರಿ ಕತ್ತರಿಸೋ ಬದಲು ಸೀಳ್ಕೊಂಡು ಹೋಗತ್ತೆ, ಕೊಂಬೆ ಕೆತ್ತೋವಾಗ ಕೈ ಸೋತೋಗತ್ತೆ. ಬೆನ್ನಿಂದ ಬಾಯಿವರೆಗೂ ಒಂದೇ ಸಮ ತೆಳುವಾಗ್ತಾ ಬರೋ ಫ್ಲಾಟ್ ಗ್ರೈಂಡ್ ನೋಡಿ. ತೂಕನೂ ನೋಡಿ, ಬಕ್ 110 ಸುಮಾರು 200 ಗ್ರಾಂ, ಒಪಿನೆಲ್ 8ನೇ ನಂಬರಿಂದು 8.5 ಸೆಂಟಿಮೀಟರ್ ಅಲಗಿದ್ದೂ 50 ಗ್ರಾಂ ಆಸುಪಾಸು. ಭಾರದ್ದು ಮೊದಲ ದಿನ ಪ್ಯಾಂಟ್ ಜೇಬಲ್ಲಿರತ್ತೆ, ಮೂರನೇ ದಿನ ಟೆಂಟಲ್ಲೇ ಉಳಿಯತ್ತೆ, ಬೇಕಾದಾಗ ಕೈಗೆ ಸಿಗಲ್ಲ.

ಹಿಡಿಗೆ ಜಿ-10 (ಗಾಜಿನ ಬಟ್ಟೆಗೆ ರಾಳ ಸೇರಿಸಿ ಮಾಡಿದ್ದು), ಮೈಕಾರ್ಟಾ (ಬಟ್ಟೆ ಇಲ್ಲಾ ಕಾಗದಕ್ಕೆ ರಾಳ ಸೇರಿಸಿದ್ದು), ಗಾಜಿನ ನಾರು ಸೇರಿಸಿದ ನೈಲಾನ್ ಮೂರೂ ಒಳ್ಳೇವೇ, ನೀರಿಗೆ ಉಬ್ಬಲ್ಲ. ಮುಟ್ಟಿದ್ರೆ ಉಪ್ಪುಕಾಗದ ಥರ ಒರಟಾಗಿರೋದು ಬೇಡ, ಅರ್ಧ ಗಂಟೆ ಗೂಟ ಕೆತ್ತಿದ್ರೆ ಅಂಗೈ ಬೊಕ್ಕೆ ಬರತ್ತೆ. ಜೇಬಿಗೆ ಸಿಕ್ಕಿಸೋ ಕ್ಲಿಪ್ಪು ಅಂಗೈಗೆ ಎಲ್ಲಿ ಒತ್ತತ್ತೆ ಅಂತನೂ ಗಟ್ಟಿಯಾಗಿ ಹಿಡಿದು ನೋಡಿ, ಬಹಳ ಜನ ಇದನ್ನ ಮರೀತಾರೆ.

ಸ್ಟೀಲ್ ಬಗ್ಗೆ ಎಲ್ಲರೂ ಮೊದಲು ಕೇಳ್ತಾರೆ, ನಾನು ಕೊನೆಗೆ ಇಟ್ಟಿದೀನಿ. ಗಡಸು ಜಾಸ್ತಿ ಆದ್ರೆ ಹರಿತ ಹೆಚ್ಚು ದಿನ ನಿಲ್ಲತ್ತೆ ಆದ್ರೆ ಬಾಯಿ ಚೂರು ಚೂರು ಹಾರೋ ಭಯ, ಕಡಿಮೆ ಆದ್ರೆ ಬೇಗ ಮೊಂಡು. ಕಾಡಿನ ಕೆಲಸಕ್ಕೆ ಗಡಸು ಅಳೆಯೋ ರಾಕ್‌ವೆಲ್ ಅಳತೇಲಿ 58ರಿಂದ 60 ಚೆನ್ನಾಗಿರತ್ತೆ. ಡಿ-2 ಅನ್ನೋ ಸ್ಟೀಲಲ್ಲಿ ಸುಮಾರು 12% ಕ್ರೋಮಿಯಂ ಇದೆ, ಆದ್ರೂ ಅದರಲ್ಲಿ ತುಂಬಾ ಭಾಗ ಕಾರ್ಬೈಡ್ ಅನ್ನೋ ಗಟ್ಟಿ ಕಣಗಳಾಗಿ ಕೂತಿರೋದ್ರಿಂದ ಒದ್ದೆ ಬಿಟ್ರೆ ತುಕ್ಕಿನ ಚುಕ್ಕೆ ಬರತ್ತೆ, ಸಾಣೆ ಹಿಡಿಯೋದೂ ಕಷ್ಟ. 14ಸಿ28ಎನ್ ಅನ್ನೋದು ತುಕ್ಕಿಗೂ ಜಗ್ಗಲ್ಲ, ಪೆಟ್ಟಿಗೂ ಬೇಗ ಒಡೆಯಲ್ಲ, ಸಣ್ಣ ಸಾಣೆಕಲ್ಲಲ್ಲೇ ಹರಿತ ಬರತ್ತೆ, ನಿಮಗೆ ಇದೇ ಸಾಕು. ದುಡ್ಡು ಹಾಕೋ ಮನಸ್ಸಿದ್ರೆ 2021ರಲ್ಲಿ ಬಂದ ಮ್ಯಾಗ್ನಾಕಟ್ ನಿಜಕ್ಕೂ ಒಳ್ಳೇ ಸ್ಟೀಲ್.

ತಗೊಳ್ಳೋಕೆ ಮುಂಚೆ ನೀವಿರೋ ಜಾಗದ, ಹೋಗೋ ಜಾಗದ ಕಾನೂನು ಒಂದ್ಸಲ ಕೇಳ್ಕೊಳ್ಳಿ, ಅಲಗಿನ ಉದ್ದ, ಲಾಕು, ಒಂದೇ ಕೈಲಿ ತೆಗೆಯೋದು ಇದಕ್ಕೆಲ್ಲ ಒಂದೊಂದು ಕಡೆ ಒಂದೊಂದು ನಿಯಮ. ವಿಮಾನದಲ್ಲಿ ಕೈಚೀಲದಲ್ಲಂತೂ ಇಡಲೇಬೇಡಿ.

ಪ್ರಶ್ನೆ: ಅರ್ಧ ನೇರ ಬಾಯಿ, ಅರ್ಧ ಗರಗಸದ ಹಲ್ಲು ಇರೋ ಅಲಗು ಕ್ಯಾಂಪಿಂಗಿಗೆ ಒಳ್ಳೇದು ಅಂತಾರೆ, ನಿಜನಾ?

ಉತ್ತರ: ಒದ್ದೆ ಹಗ್ಗ, ಬೆಲ್ಟ್ ಪಟ್ಟಿ ಕತ್ತರಿಸೋಕೆ ಹಲ್ಲು ಚೆನ್ನಾಗಿ ಕೆಲಸ ಮಾಡತ್ತೆ, ದೋಣಿಲಿ ಹೋಗೋರಿಗೆ ನಾನು ಬೇಡ ಅನ್ನಲ್ಲ. ಆದ್ರೆ ಹಲ್ಲು ಇರೋದು ಹಿಡಿಗೆ ಹತ್ತಿರದಲ್ಲಿ, ಕೆತ್ತೋವಾಗ ಜಾಸ್ತಿ ಬಲ ಸಿಗೋ ಜಾಗನೇ ಅದು, ಅಲ್ಲಿ ನೇರ ಬಾಯಿ ಇಲ್ದೇ ಇದ್ರೆ ಮರದ ಕೆಲಸಕ್ಕೆ ಪರದಾಟ. ಸಾಣೆ ಹಿಡಿಯೋಕೂ ಚೂಪಗಿನ ಕಡ್ಡಿ ಥರದ್ದು ಬೇರೆ ಬೇಕು. ಒಂದೇ ಚಾಕು ಅಂದ್ರೆ ನೇರ ಬಾಯಿದೇ ತಗೊಳ್ಳಿ.

ಪ್ರಶ್ನೆ: ಹೊಳೆ ದಂಡೇಲಿ ಚಾಕು ಬಿದ್ದು ಮರಳು ಸೇರಿದೆ, ತೆಗೆಯೋವಾಗ ಕಿರಕಿರ ಅನ್ನತ್ತೆ. ಎಣ್ಣೆ ಬಿಟ್ರೆ ಸಾಕಾ?

ಉತ್ತರ: ಬಿಡಬೇಡಿ, ಮರಳಿನ ಜೊತೆ ಎಣ್ಣೆ ಸೇರಿದ್ರೆ ಅರೆಯೋ ಪೇಸ್ಟ್ ಆಗತ್ತೆ. ಮೊದಲು ಬೆಚ್ಚಗಿನ ಸೋಪು ನೀರಲ್ಲಿ ಮುಳುಗಿಸಿ ಹಿಡಿಯ ಹಿಂಬದಿಯನ್ನ ಹಿಡ್ಕೊಂಡು ತೆಗೆದು ಮುಚ್ಚಿ ಮಾಡಿ, ಹಳೇ ಟೂತ್‌ಬ್ರಷ್‌ನಲ್ಲಿ ಕೀಲಿನ ಸುತ್ತ ಉಜ್ಜಿ, ನಲ್ಲಿ ನೀರಲ್ಲಿ ತೊಳೀರಿ, ಪೂರ್ತಿ ಒಣಗಿದ ಮೇಲೆ ಕೀಲಿಗೆ ಒಂದೇ ಹನಿ, ಅದೂ ತಿನ್ನೋ ಪದಾರ್ಥ ಕತ್ತರಿಸ್ತೀರಾದ್ರೆ ಫುಡ್ ಗ್ರೇಡ್ ಮಿನರಲ್ ಆಯಿಲ್. ಅಡುಗೆ ಎಣ್ಣೆ ಕೆಲವು ದಿನಕ್ಕೇ ಅಂಟಂಟಾಗತ್ತೆ. ಕಿರಕಿರ ಹೋಗದೇ ಇದ್ರೆ ಸ್ಕ್ರೂ ಬಿಚ್ಚಬೇಕು, ಹೆಚ್ಚಿನವಕ್ಕೆ ಟಿ-6, ಟಿ-8 ನಕ್ಷತ್ರದ ಬಿಟ್ ಬೇಕಾಗತ್ತೆ, ಹೊಂದದೇ ಇರೋ ಬಿಟ್ ಹಾಕಿ ತಿರುಗಿಸಿದ್ರೆ ಸ್ಕ್ರೂ ತಲೆ ಸವೆದು ಹೋಗತ್ತೆ. ಮುಂದಿನ ಸಲ ಕೊಳ್ಳೋವಾಗ ಕೀಲಲ್ಲಿ ಬಾಲ್ ಬೇರಿಂಗ್ ಬದಲು ಕಂಚಿನ ವಾಷರ್ ಇರೋದು ನೋಡಿ, ಮರಳು ಮಣ್ಣಿಗೆ ಅದೇ ಬಾಳಿಕೆ.