ಒಂದೇ ಹೊಲದಲ್ಲಿ ನುಣುಪಾದ ಕಲ್ಲಿನ ಕೊಡಲಿ, ಕಪ್ಪು-ಕೆಂಪು ಮಡಕೆ ಚೂರು, ಸೀಸದ ನಾಣ್ಯ ಸಿಕ್ಕಿವೆ. ಎಲ್ಲಾ ಒಂದೇ ಕಾಲದವೇ? ಇವನ್ನು ಏನು ಮಾಡಬೇಕು?

ಅಲ್ಲ. ನಿಮ್ಮ ಸೀಸದ ನಾಣ್ಯ ಸಾತವಾಹನರ ಕಾಲದ್ದೇ ಆಗಿದ್ದರೆ, ಅದಕ್ಕೂ ಆ ನುಣುಪಾದ ಕೊಡಲಿಗೂ ಸಾವಿರ ವರ್ಷಕ್ಕೂ ಮಿಕ್ಕಿದ ಅಂತರವಿದೆ.

ಮೊದಲು ಒಂದು ಮಾತು ಹೇಳಿ: ಆ ಹೊಲಕ್ಕೆ ಯಾವತ್ತಾದರೂ ಕೆರೆ ಹೂಳು ಹೊಡೆಸಿದ್ದಿರಾ? ಹೊಡೆಸಿದ್ದರೆ ಚೂರುಗಳು ಕೆರೆಯಂಗಳದಿಂದಲೇ ಬಂದಿರಬಹುದು.

ಹೂಳು ಬಿದ್ದಿಲ್ಲವೆಂದರೆ ನಿಮ್ಮದು ಹಾಳೂರಿನ ಜಾಗ ಇರಬೇಕು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ನೋಡಿ. ಅಲ್ಲಿನ ಅಶೋಕನ ಶಾಸನವನ್ನು 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದರು. ಊರವರ ಬಾಯಲ್ಲಿ ಆ ಬಂಡೆ ‘ಅಕ್ಷರ ಗುಂಡು’. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ ತಳದಲ್ಲಿ ಕಲ್ಲಿನ ಕೊಡಲಿಯವರು, ಅವರ ಮೇಲೆ ಕಬ್ಬಿಣ ಬಳಸಿ ಬೃಹತ್ ಶಿಲಾ ಸಮಾಧಿ ಕಟ್ಟಿದವರು, ಅದರ ಮೇಲೆ ಸಾತವಾಹನರ ಕಾಲದವರು, ಹೀಗೆ ಪದರ ಪದರವಾಗಿ ಸಿಕ್ಕರು. ಬೆನ್ನಿಗೆ ಬೆಟ್ಟ, ಹತ್ತಿರದಲ್ಲಿ ನೀರು, ಉಳಲು ಮಣ್ಣು ಇರುವ ಜಾಗವನ್ನು ಯಾವ ಕಾಲದ ಜನ ಬಿಟ್ಟಾರು? ಪದರ ಕಲಸುವುದು ನೇಗಿಲು. ಟ್ರ್ಯಾಕ್ಟರ್ ಬಂದ ಮೇಲಂತೂ ಇನ್ನೂ ಆಳದ್ದು ಮೇಲೆ ಬರುತ್ತಿದೆ.

ಮಡಕೆ ಚೂರನ್ನು ಬಿಸಿಲಿಗೆ ಹಿಡಿದು ನೋಡಿ. ಒಳಮೈ, ಕಂಠ ಕಪ್ಪಗಿದ್ದು ಹೊರಗೆ ಕೆಳಭಾಗ ಕೆಂಪಗಿದೆಯೇ? ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಗಾಳಿ ತಾಗದ ಕಡೆ ಕಪ್ಪಾಗುತ್ತದೆ. ಕಬ್ಬಿಣ ಯುಗದ ಸಮಾಧಿಗಳಲ್ಲಿ ಇಂಥವು ಧಾರಾಳ.

ಇನ್ನು ಏನು ಮಾಡಬೇಕು ಅಂತ ಕೇಳಿದ್ದಿರಿ. ನಮ್ಮಪ್ಪ ಒಂದು ಕಪ್ಪು ಕಲ್ಲನ್ನು ಕುಡುಗೋಲು ಮಸೆಯಲು ಇಟ್ಟುಕೊಂಡಿದ್ದರು. ಅಂಗೈಯಗಲ, ಒಂದು ತುದಿ ಚೂಪು. ಅದು ಕೊಡಲಿ ಅಂತ ನನಗೆ ಗೊತ್ತಾಗುವ ಹೊತ್ತಿಗೆ ಅಪ್ಪ ಇರಲಿಲ್ಲ. ಇತಿಹಾಸದ ಮೇಷ್ಟ್ರಿಗೆ ತೋರಿಸಿದರೆ ಅವರು ಕೇಳಿದ್ದು ಒಂದೇ: ‘ಎಲ್ಲಿ ಸಿಕ್ತು?’ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಈಗಲೂ ಅದನ್ನು ಕೈಗೆತ್ತಿಕೊಂಡರೆ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಕೈಮುಗಿದು ಹೇಳುತ್ತೇನೆ, ಸಿಕ್ಕ ಕಡೆಯೇ ಫೋಟೊ ತೆಗೆಯಿರಿ, ಸರ್ವೆ ನಂಬರ್, ಯಾವ ಬದುವಿನಿಂದ ಎಷ್ಟು ಹೆಜ್ಜೆ, ಎಷ್ಟು ಆಳ ಎಂದು ಬರೆದಿಡಿ. ನಾಣ್ಯವನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರ ಅಳಿಸಿಹೋಗುತ್ತದೆ. ಇನ್ನಷ್ಟು ಸಿಗಲಿ ಅಂತ ನೀವೇ ಅಗೆಯಬೇಡಿ. ತಹಶೀಲ್ದಾರರಿಗೂ ರಾಜ್ಯ ಪುರಾತತ್ವ ಇಲಾಖೆಗೂ ಒಂದು ಅರ್ಜಿ ಕೊಡಿ. ನಾಲ್ಕು ಬೋಕಿ ಸಿಕ್ಕ ಮಾತ್ರಕ್ಕೆ ಯಾರೂ ಹೊಲ ಕಿತ್ತುಕೊಳ್ಳುವುದಿಲ್ಲ, ಆ ಭಯ ಬೇಡ.

ಹತ್ತಿರದಲ್ಲೆಲ್ಲಾದರೂ ಬೂದಿ ಬಣ್ಣದ ದಿಬ್ಬ ಇದ್ದರೆ ಅದರ ಮಣ್ಣನ್ನೂ ಹೇರಬೇಡಿ. ಕಲ್ಲಿನ ಕೊಡಲಿಯ ಕಾಲದ ದನಗಾಹಿಗಳ ದೊಡ್ಡಿಗಳಲ್ಲಿ ಸಗಣಿ ಸುಟ್ಟು ಸುಟ್ಟು ಬೆಳೆದ ದಿಬ್ಬಗಳವು. ಬಳ್ಳಾರಿ ಸೀಮೆಯ ಕುಡತಿನಿ ಹತ್ತಿರ ಅಂಥದ್ದೊಂದಿದೆ, ಒಮ್ಮೆ ಹೋಗಿ ನೋಡಿ ಬನ್ನಿ. ನೋಡಿದ ಮೇಲೆ ನಿಮ್ಮೂರಿನದ್ದನ್ನು ಗುರುತಿಸುವುದು ಸುಲಭ.