ಹದಿನಾಲ್ಕು ವರ್ಷ ಕಳೆದರೆ ಬಿಡುಗಡೆಯೇ?

ಪ್ರಶ್ನೆ: ನಮ್ಮಣ್ಣ ಕೊಲೆ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾಗಿ ಮೈಸೂರು ಜೈಲಿನಲ್ಲಿದ್ದಾರೆ. ಹಗಲೊಂದು ದಿನ, ರಾತ್ರಿಯೊಂದು ದಿನ ಅಂತ ಲೆಕ್ಕ ಹಿಡಿದು ಹದಿನಾಲ್ಕರ ಬದಲು ಏಳೇ ವರ್ಷಕ್ಕೆ ಬಿಡುತ್ತಾರೆ ಅನ್ನುತ್ತಾರೆ, ನಿಜವೇ? ಕಾಫಿ ಕೊಯ್ಲಿಗೆ ಪೆರೋಲ್ ಸಿಗಬಹುದೇ?
– ಓದುಗರು, ಪೊನ್ನಂಪೇಟೆ

ಉತ್ತರ: ಹಗಲು-ರಾತ್ರಿಯ ಲೆಕ್ಕ ಶುದ್ಧ ಕಟ್ಟುಕತೆ. ಜೀವಾವಧಿ ಎಂದರೆ ಜೀವ ಇರುವವರೆಗೆ. ಗಾಂಧಿ ಹತ್ಯೆಯಲ್ಲಿ ಜೀವಾವಧಿ ಶಿಕ್ಷೆಯಾಗಿದ್ದ ಗೋಪಾಲ್ ಗೋಡ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1961ರಲ್ಲೇ ಇದನ್ನು ಹೇಳಿದೆ. 14 ವರ್ಷ ಬಿಡುಗಡೆಯ ಗಡುವಲ್ಲ. ಕೊಲೆಯಂಥ, ಮರಣದಂಡನೆಗೂ ಅವಕಾಶವಿರುವ ಅಪರಾಧಗಳಲ್ಲಿ ಅಷ್ಟು ಕಾಲ ಒಳಗಿರದೆ ಸರ್ಕಾರ ಶಿಕ್ಷೆ ಮಾಫಿ ಮಾಡಿ ಬಿಡುವಂತಿಲ್ಲ, ಅಷ್ಟೇ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 433ಎ, ಅದರ ಬದಲು ಬಂದ ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 475ನೇ ಕಲಂ ಇದೇ. ಆ ಮೇಲೂ ಬಿಡುವುದು, ಬಿಡದಿರುವುದು ಸರ್ಕಾರದ ತೀರ್ಮಾನ.

ಲೆಕ್ಕದಲ್ಲಿ ಎಡವುವುದು ಇಲ್ಲೇ. ತೀರ್ಪಿಗೆ ಮುಂಚೆ ವಿಚಾರಣಾಧೀನ ಕೈದಿಯಾಗಿದ್ದ ದಿನಗಳು 14 ವರ್ಷಕ್ಕೆ ಸೇರುತ್ತವೆ. ಸನ್ನಡತೆಗೆ ಸಿಕ್ಕ ಮಾಫಿ ದಿನಗಳು ಸೇರುವುದಿಲ್ಲ. ಪೆರೋಲ್ ಮೇಲೆ ಹೊರಗಿದ್ದ ದಿನಗಳೂ ಸೇರುವುದಿಲ್ಲವೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮೂವತ್ತು ದಿನ ಮನೆಗೆ ಬಂದರೆ ಬಿಡುಗಡೆಯ ಲೆಕ್ಕವೂ ಮೂವತ್ತು ದಿನ ಮುಂದಕ್ಕೆ ಹೋಯಿತು. ಹಾಗಂತ ಪೆರೋಲ್ ಬೇಡವೆನ್ನುತ್ತಿಲ್ಲ. ಹೇಳಿದ ದಿನಕ್ಕೆ ಮರಳಿದ ದಾಖಲೆ ಮುಂದೆ ಕೈಹಿಡಿಯುತ್ತದೆ.

ಪೆರೋಲ್ ಅರ್ಜಿಯನ್ನು ಜೈಲಿನ ಮುಖ್ಯ ಅಧೀಕ್ಷಕರಿಗೆ ಸಲ್ಲಿಸಬೇಕು. ಅಲ್ಲಿಂದ ಕೊಡಗು ಎಸ್‌ಪಿ ಕಚೇರಿಗೆ, ನಿಮ್ಮ ಠಾಣೆಗೆ ಬರುತ್ತದೆ. ಪೊಲೀಸರು ಊರಿಗೆ ಬಂದು ಅಕ್ಕಪಕ್ಕದವರನ್ನೂ ಸತ್ತವರ ಮನೆಯವರನ್ನೂ ವಿಚಾರಿಸಿ ವರದಿ ಕೊಡುತ್ತಾರೆ. ಬಹಳಷ್ಟು ಅರ್ಜಿಗಳು ಬೀಳುವುದು ಈ ವರದಿಯಲ್ಲೇ. ರೊಬಸ್ಟಾ ಕೊಯ್ಲು ಶುರುವಾದ ಮೇಲೆ ಅರ್ಜಿ ಹಾಕಿದರೆ ವರದಿ ಬರುವಷ್ಟರಲ್ಲಿ ಕಣ ಖಾಲಿ, ಸೆಪ್ಟೆಂಬರಿನಲ್ಲೇ ಹಾಕಿ. ತೋಟದ ಪಹಣಿ, ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇಲ್ಲ ಎಂಬುದಕ್ಕೆ ದಾಖಲೆ ಲಗತ್ತಿಸಿ.

ಕೊಡಗಿನಲ್ಲಿ ಇನ್ನೊಂದು ತೊಡಕು ಪೆರೋಲ್‌ಗೆ ಜಾಮೀನು ನಿಲ್ಲುವವರದು. ಜಮ್ಮಾ ಆಸ್ತಿಯ (ಕುಟುಂಬಕ್ಕೆ ಪಾರಂಪರಿಕವಾಗಿ ಬಂದ ಜಮೀನು) ಪಹಣಿಯಲ್ಲಿ ಎಷ್ಟೋ ಕಡೆ ಕುಟುಂಬದ ಹಿರಿಯರಾದ ಪಟ್ಟೇದಾರರ ಹೆಸರೇ ಇರುತ್ತದೆ, ಜಾಮೀನು ನಿಲ್ಲಲು ಬಂದವರದು ಕಾಣುವುದೇ ಇಲ್ಲ. ಸ್ವಂತ ಹೆಸರಲ್ಲಿ ಆಸ್ತಿಯಿರುವ ಒಬ್ಬರನ್ನು ಮೊದಲೇ ಒಪ್ಪಿಸಿಟ್ಟುಕೊಳ್ಳಿ. ಅಣ್ಣ ಗಡುವಿಗೆ ಮರಳದಿದ್ದರೆ ಮುಚ್ಚಳಿಕೆಯ (ಬರೆದುಕೊಟ್ಟ ಬಾಂಡ್‌ನ) ಹಣಕ್ಕೆ ಅವರೇ ಹೊಣೆ, ಅದನ್ನೂ ಅವರಿಗೆ ಬಿಡಿಸಿ ಹೇಳಿ.

ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಲಿಖಿತವಾಗಿ ಪಡೆಯಿರಿ. ಅದರ ಮೇಲೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ (ಸರ್ಕಾರಿ ಆದೇಶವನ್ನು ಪ್ರಶ್ನಿಸುವ ಅರ್ಜಿ) ಹಾಕಬಹುದು. ಜೈಲಿನಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಪ್ರಾಧಿಕಾರದ ಕಚೇರಿ ಮಡಿಕೇರಿಯಲ್ಲಿದೆ.