ಮನೆಯ ನೆಬ್ಯುಲೈಸರ್‌ಗೆ ಜೀನ್ ಔಷಧಿ ಹಾಕಬಹುದೇ?

ಡೊಂಬಿವಲಿಯ ಓದುಗರೊಬ್ಬರ ಪತ್ರ: ‘ಮೊಮ್ಮಗಳಿಗೆ 9 ವರ್ಷ, ಸಿಸ್ಟಿಕ್ ಫೈಬ್ರೋಸಿಸ್ (ಜೀನಿನ ದೋಷದಿಂದ ಶ್ವಾಸಕೋಶದಲ್ಲಿ ಅಂಟು ಕಫ ಕಟ್ಟುವ ಹುಟ್ಟು ಕಾಯಿಲೆ) ಇದೆ. ದಿನಕ್ಕೆರಡು ಸಲ ಉಪ್ಪುನೀರಿನ ನೆಬ್ಯುಲೈಸರ್ ಕೊಡುತ್ತೇವೆ. ಜೀನನ್ನೇ ಮಂಜಿನಂತೆ ಉಸಿರಿಗೆ ಕೊಡುವ ಚಿಕಿತ್ಸೆ ಬಂದಿದೆಯಂತೆ. ಔಷಧಿ ತರಿಸಿದರೆ ನಮ್ಮ ಮಷಿನ್ ಸಾಕೇ?’

ಸಂಪಾದಕರ ಉತ್ತರ:

ಸಾಲದು. ಔಷಧಿಯೂ ಇನ್ನೂ ಪ್ರಯೋಗದ ಹಂತ ದಾಟಿಲ್ಲ. ಆದರೂ ನೀವು ಮಷಿನ್ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ಜೀನಿನ ಸುದ್ದಿ ಬರೆಯುವವರು ಇದನ್ನೇ ಬಿಟ್ಟುಬಿಡುತ್ತಾರೆ.

ನಿಮ್ಮಲ್ಲಿರುವುದು ಬಹುಶಃ ಕಂಪ್ರೆಸರ್ ಇರುವ ಜೆಟ್ ನೆಬ್ಯುಲೈಸರ್. ಔಷಧಿ ಹಾಕುವ ಕಪ್ಪಿನ ತಳದ ಸಣ್ಣ ತೂತಿನಿಂದ ನುಗ್ಗುವ ಗಾಳಿ ದ್ರವವನ್ನು ಸೀಳಿ ಹನಿ ಮಾಡುತ್ತದೆ. ಬಹುಪಾಲು ಹನಿಗಳು ದೊಡ್ಡವು. ಅವು ಎದುರಿನ ತಡೆಗೆ ಬಡಿದು ಕಪ್ಪಿಗೇ ಬೀಳುತ್ತವೆ, ಮತ್ತೆ ಮೇಲೇಳುತ್ತವೆ, ಮತ್ತೆ ಬಡಿಯುತ್ತವೆ. ಉಪ್ಪುನೀರಿಗೆ ಈ ಪೆಟ್ಟುಗಳಿಂದ ಏನೂ ಆಗದು. ಆದರೆ ಜೀನ್ ಹೊತ್ತ ಡಿಎನ್‌ಎ ಸಾವಿರಾರು ಅಕ್ಷರಗಳ ಉದ್ದನೆಯ ಎಳೆ. ಒತ್ತಿದ ಶಾವಿಗೆಯನ್ನೇ ಮತ್ತೆ ಮತ್ತೆ ಒರಳಿಗೆ ಹಾಕಿದರೆ ಏನಾದೀತು? ಹಾಗೇ ತುಂಡಾಗುತ್ತದೆ, ತುಂಡಾದ ಜೀನ್ ದಂಡ. ಅದಕ್ಕೇ ಅದನ್ನು ಕೊಬ್ಬಿನ ಕಣಗಳಲ್ಲಿ ಒತ್ತಾಗಿ ಕಟ್ಟುತ್ತಾರೆ. ಅಲ್ಟ್ರಾಸಾನಿಕ್ ಮಷಿನ್ ದ್ರವವನ್ನು ಬಿಸಿ ಮಾಡುತ್ತದೆ. ಕಂಪಿಸುವ ಜಾಲರಿಯ ಮೆಶ್ ನೆಬ್ಯುಲೈಸರ್ ಮೃದುವೇನೋ ಹೌದು, ಆದರೆ ಮಂದವಾದ ಕೊಬ್ಬಿನ ಮಿಶ್ರಣಕ್ಕೆ ಅದರ ತೂತುಗಳು ಕಟ್ಟಿಕೊಳ್ಳುತ್ತವೆ.

ಹನಿ 1ರಿಂದ 5 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲೇ ಮೈಕ್ರಾನ್) ಇರಬೇಕು. ಅದಕ್ಕಿಂತ ದೊಡ್ಡದು ಗಂಟಲಿಗೆ ಅಂಟುತ್ತದೆ, ತೀರಾ ಸಣ್ಣದು ಬಿಡುವ ಉಸಿರಿನಲ್ಲಿ ವಾಪಸ್ಸು ಬರುತ್ತದೆ.

ಒಳಗೆ ತಲುಪಿದ ಮೇಲೂ ಅಂಟು ಕಫ ದಾಟಬೇಕು. ಬಂದದ್ದನ್ನೆಲ್ಲ ಹೊರಗೆ ಗುಡಿಸುವುದೇ ಶ್ವಾಸನಾಳದ ಕಸುಬು. ಜೀನನ್ನು ಒಯ್ಯಲು ಎಎವಿ ಎಂಬ ವೈರಸ್ ಬಳಸಿದರೆ ಜಾಗದ ಇಕ್ಕಟ್ಟು: ಅದರಲ್ಲಿ ಹಿಡಿಯುವುದು ಸುಮಾರು 4,700 ಅಕ್ಷರ, ಈ ಕಾಯಿಲೆಯಲ್ಲಿ ಕೆಟ್ಟಿರುವ, 1989ರಲ್ಲಿ ಪತ್ತೆಯಾದ ಸಿಎಫ್‌ಟಿಆರ್ ಜೀನಿನ ಸಂಕೇತವೇ 4,400ಕ್ಕೂ ಹೆಚ್ಚು; ಜೀನನ್ನು ಚಾಲೂ ಮಾಡುವ ಭಾಗಗಳಿಗೆ ಜಾಗ ಉಳಿಯುವುದೇ ಕಷ್ಟ. ಮೇಲ್ಪದರದ ಜೀವಕೋಶಗಳು ಸವೆದು ಹೊಸವು ಬರುವುದರಿಂದ ಔಷಧಿಯನ್ನು ಮತ್ತೆ ಮತ್ತೆ ಕೊಡಬೇಕು. ಆದರೆ ಮೊದಲ ಡೋಸಿಗೇ ದೇಹ ಆ ವೈರಸ್ಸಿನ ವಿರುದ್ಧ ಪ್ರತಿಕಾಯ ತಯಾರಿಸಿಕೊಂಡಿರುತ್ತದೆ. ದೊಡ್ಡ ಗಂಟು ಇದೇ.

ಆದ್ದರಿಂದ ಬ್ರಿಟನ್ನಿನವರು ವೈರಸ್ ಬಿಟ್ಟು ಕೊಬ್ಬಿನ ಹಾದಿ ಹಿಡಿದರು. 12 ವರ್ಷ ದಾಟಿದ ರೋಗಿಗಳಿಗೆ ತಿಂಗಳಿಗೊಮ್ಮೆ 5 ಮಿಲಿಲೀಟರ್, ಒಂದು ವರ್ಷ. 2015ರಲ್ಲಿ ಫಲಿತಾಂಶ ಬಂತು: ಬರೀ ಉಪ್ಪುನೀರು ಎಳೆದುಕೊಂಡವರಿಗಿಂತ ಶ್ವಾಸಬಲದಲ್ಲಿ (ಒಂದು ಸೆಕೆಂಡಿನಲ್ಲಿ ಜೋರಾಗಿ ಊದುವ ಗಾಳಿಯ ಅಳತೆ) 3.7 ಶೇಕಡಾ ವ್ಯತ್ಯಾಸ. ಅದೂ ಬಲ ಹೆಚ್ಚಿದ್ದರಿಂದಲ್ಲ, ಇಳಿಯುವುದು ನಿಂತಿದ್ದರಿಂದ. ಇಷ್ಟು ಸಾಲದೆಂದೇ ಈಗ ಲೆಂಟಿವೈರಸ್ ಎಂಬ ಇನ್ನೊಂದು ಬಗೆಯ ವೈರಸ್, ಜೀನಿನ ಸಂದೇಶದ ನಕಲಾದ ಎಂಆರ್‌ಎನ್‌ಎ ಇವುಗಳ ಪ್ರಯೋಗ ನಡೆದಿದೆ.

ಮೊಮ್ಮಗಳ ಜೀನ್ ಪರೀಕ್ಷೆಯ ವರದಿ ಜೋಪಾನವಾಗಿರಲಿ. ಈಗಿರುವ ಮಾತ್ರೆಗಳು ಕೆಲವು ಬಗೆಯ ದೋಷಗಳಿಗಷ್ಟೇ ನಾಟುತ್ತವೆ. ಯುರೋಪಿನಲ್ಲಿ ತುಂಬ ಸಾಮಾನ್ಯವಾದ ದೋಷ ನಮ್ಮ ಮಕ್ಕಳಲ್ಲಿ ಅಷ್ಟು ಕಾಣುವುದಿಲ್ಲ. ಫೋನಿನಲ್ಲಿ ಯಾರಾದರೂ ‘ಜೀನ್ ಔಷಧಿ’ ಮಾರಲು ಬಂದರೆ ಫೋನ್ ಇಟ್ಟುಬಿಡಿ.

ಇರುವ ಮಷಿನ್ನಿನದೇ ಎರಡು ಮಾತು. 9 ವರ್ಷದ ಹುಡುಗಿಗೆ ಮಾಸ್ಕ್ ಬೇಡ, ಬಾಯಲ್ಲಿ ಕಚ್ಚುವ ಕೊಳವೆ ಕೊಡಿ. ಮಾಸ್ಕಿನಲ್ಲಿ ಬಹಳಷ್ಟು ಔಷಧಿ ಮೂಗು, ಕೆನ್ನೆಗೇ ಹೋಗುತ್ತದೆ. ಉಸಿರು ನಿಧಾನ ಎಳೆಯಲಿ. ಪ್ರತಿ ಸಲವೂ ಕಪ್ಪನ್ನು ಸೋಪಿನಲ್ಲಿ ತೊಳೆಯಿರಿ. ತಯಾರಕರ ಕೈಪಿಡಿಯಲ್ಲಿ ಕುದಿಸಬಹುದೆಂದಿದ್ದರೆ 5 ನಿಮಿಷ ಕುದಿಸಿ, ಆಮೇಲೆ ನಲ್ಲಿನೀರು ಸೋಕಿಸಬೇಡಿ. ಸುಡೋಮೊನಾಸ್ ಎಂಬ ಬ್ಯಾಕ್ಟೀರಿಯಾಕ್ಕೆ ತೇವವೇ ತವರು. ಜುಲೈ ಮಳೆಯಲ್ಲಿ ಡೊಂಬಿವಲಿಯ ಬಾಲ್ಕನಿಯಲ್ಲಿ ಕಪ್ಪು ಒಣಗುವುದಿಲ್ಲ. ಒಳಗೆ ಫ್ಯಾನಿನ ಕೆಳಗೆ ಶುಭ್ರ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿಡಿ.